ಕಾಡತ್ತಿಯ ಬೇರು

ಗುಂಜಿ, ೯ ಫೆಬ್ರುವರಿ ೧೯೭೫

ನಿನ್ನೆ ಪ್ಯಾಸೆಂಜರ್ ಗಾಡಿಗೆ ಬೆಳಗಾವಿ ಬಿಟ್ಟೆ. ನಮ್ಮವರು ಸ್ಟೇಷನ್ನಿಗೆ ಬಂದು, ಹೆಂಗಸರ ಡಬ್ಬಿಯಲ್ಲಿ ಕೂಡ್ರಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೋ ಎಂದು ಹೇಳಿ ಹೋದರು. ಗಾಡಿ ಬಿಡುವ ತನಕ ನಿಲ್ಲಲು ಅವರಿಗೆ ಆಗಲಿಲ್ಲ, ಸೀರೆ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಖಾನಾಪುರದಲ್ಲಿ ನಮ್ಮಣ್ಣ ಗುರುಪುತ್ರಪ್ಪ ಹತ್ತಿಕೊಂಡ. ಅವನು ಅಲ್ಲಿಯ ಹಂಚಿನ ಕಾರಖಾನೆಯಲ್ಲಿ ಗುಮಾಸ್ತ. ಇಬ್ಬರೂ ಗುಂಜಿಯಲ್ಲಿಳಿದು, ಹಳಿ ದಾಟಿ, ಕಾಡಿನ ಅಂಚಿಗಿರುವ ರಾಯಪ್ಪಜ್ಜನ ಮನೆಗೆ ನಡೆದು ಬಂದೆವು. ರಾಯಪ್ಪಜ್ಜ ದನ ಮೇಯಿಸುವವನು. ತೊನ್ನಿಗೆ ಬೇರು ಕೊಡುತ್ತಾನೆ ಎಂದು ಸುತ್ತಲಿನ ಊರುಗಳಲ್ಲಿ ಅವನಿಗೆ ಹೆಸರಿದೆ.

ನನಗೆ ತೊನ್ನು. ಈ ಶಬ್ದವನ್ನು ಇದೇ ಮೊದಲ ಸಲ ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ 'ಅದು' ಅನ್ನುತ್ತಾರೆ. ಮೊದಲು ಎಡಗೈಯ ಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳುಪು ಕಂಡಿತು. ಈಗ ಎರಡೂ ಕೈಯ ಬೆರಳುಗಳಿಗೆ, ಮೊಣಕೈಗೆ, ಕೆಳತುಟಿಯ ಎಡಮೂಲೆಗೆ ಹಬ್ಬಿದೆ. ಬೆಳಗಾವಿಯ ಡಾಕ್ಟರರು ಕೊಟ್ಟ ಮುಲಾಮಿನಿಂದ ಏನೂ ಆಗಲಿಲ್ಲ. ಬಳೆಗಾರನು ನನ್ನ ಕೈ ಹಿಡಿಯಲು ಹಿಂಜರಿದ ದಿನದಿಂದ ಹೊಸ ಬಳೆ ತೊಟ್ಟಿಲ್ಲ.

ನಾದಿನಿ ಚಂದ್ರವ್ವನಿಗೆ ಗಂಡು ನೋಡುತ್ತಿದ್ದಾರೆ. ಬೀಗರಾಗುವವರು ಮನೆಗೆ ಬಂದು ಹೋಗುವ ಕಾಲ. ಅತ್ತೆ ಪದ್ಮವ್ವ ನನ್ನನ್ನು ಬೈಯಲಿಲ್ಲ. ಅಡುಗೆಮನೆಯಲ್ಲಿ ಬಾಜು ಕುಳಿತು, "ಹುಡುಗೀ ಲಗ್ನ ಆಗೂತನಾ ನೀ ಯಾರ ಕಣ್ಣಿಗೂ ಬೀಳಬ್ಯಾಡವಾ. ಔಷಧಾನೂ ಆದಂಗಾತು," ಎಂದರು. ಲಗ್ನ ಮುಗಿದ ಮೇಲೆ ಕರೆದುಕೊಂಡು ಬರುತ್ತೇನೆಂದು ನಮ್ಮವರು ಹೇಳಿದ್ದಾರೆ. ಮಗಳು ನೀಲಾಳನ್ನು ನೆರೆಮನೆಗೆ ಆಡಲು ಕಳಿಸಿದ್ದರು. ನಾನು ಹೊರಟದ್ದು ಅವಳಿಗೆ ಗೊತ್ತಿಲ್ಲ. ಐದು ವರ್ಷದ ಹುಡುಗಿ, ಸಂಜೆ ಮನೆಗೆ ಬಂದು ಎಲ್ಲಿ ಹುಡುಕಿದಳೋ.

೧೨ ಫೆಬ್ರುವರಿ

ಆ ಗಿಡವನ್ನು ಇವತ್ತು ನೋಡಿದೆ. ಮನೆಯ ಹಿಂದೆ ಕಲ್ಲುಬಂಡೆಗಳ ಏರು ಇದೆ. ಬಂಡೆಗಳ ಸಂದಿನಲ್ಲಿ, ಮಣ್ಣೇ ಇಲ್ಲದ ಕಡೆ, ಆಳೆತ್ತರದ ಪೊದೆಗಳು. ಕಾಡತ್ತಿ ಅನ್ನುತ್ತಾರೆ. ನಮ್ಮ ಕಡೆ ಗುಡಿಯ ಹತ್ತಿರ ಇರುವ ಅತ್ತಿಮರದ ಯಾವ ಚೆಲುವೂ ಇದಕ್ಕಿಲ್ಲ. ಎಲೆ ಮುಟ್ಟಿದರೆ ಆಕಳ ನಾಲಿಗೆಯ ಹಾಗೆ ಒರಟು. ಕಾಯಿಗಳು ರೆಂಬೆಯಲ್ಲಿ ಬಿಡದೆ ಬೊಡ್ಡೆಯಿಂದಲೇ ಗೊಂಚಲಾಗಿ ಇಳಿದಿವೆ. ಕೆಲವು ನೆಲಕ್ಕೆ ಹತ್ತಿ, ಕಸದಲ್ಲಿ ಅರ್ಧ ಹುದುಗಿವೆ. ಮನುಷ್ಯರು ಅವನ್ನು ತಿನ್ನುವುದಿಲ್ಲವಂತೆ. ಎಲೆಯನ್ನು ದನಗಳಿಗೆ ಹಾಕುತ್ತಾರೆ.

ರಾಯಪ್ಪಜ್ಜ ಹಾರೆಯಿಂದ ಬುಡ ಬಗೆದು ಒಂದು ಬೇರು ಕಡಿದ. ಕಡಿದಲ್ಲಿ ಹಾಲು ಒಸರಿತು. ಅವನ ಹೆಂಡತಿ ಮಾಯವ್ವ ಅದರ ತೊಗಟೆ ಸುಲಿದು, ಜಜ್ಜಿ, ಕುದಿಸಿ, ಬೆಲ್ಲ ಹಾಕಿ ಕೊಟ್ಟಳು. ಕುಡಿದು, ಕಲೆಗಳನ್ನು ಬಿಸಿಲಿಗೊಡ್ಡಿ ಕೂಡಬೇಕು. ಚರ್ಮ ಕೆಂಪಾಗಿ, ಗುಳ್ಳೆ ಏಳಬೇಕು. ಗುಳ್ಳೆ ಒಡೆದು ಒಣಗಿದ ಮೇಲೆ ಬಣ್ಣ ಮರಳುತ್ತದೆ. ಅಲ್ಲಿಯವರೆಗೆ ಉಪ್ಪು, ಹುಳಿ, ಖಾರ ಯಾವುದೂ ಇಲ್ಲ.

ಬೇರೆ ಜಾತಿಯವರ ಕೈಯದು ಉಣ್ಣಬೇಡ ಎಂದು ಅತ್ತೆ ಹೇಳಿ ಕಳಿಸಿದಂತೆ ನನ್ನ ಅಡುಗೆಯನ್ನು ನಾನೇ ಬೇರೆ ಮಾಡಿಕೊಳ್ಳುತ್ತೇನೆ. ದನದ ಕೊಟ್ಟಿಗೆಯ ಬದಿಗೆ ನನಗೊಂದು ಕೋಣೆ ಕೊಟ್ಟಿದ್ದಾರೆ, ಅದರ ಮೂಲೆಯಲ್ಲಿ ಮೂರು ಕಲ್ಲು ಹೂಡಿಕೊಂಡಿದ್ದೇನೆ. ಮಾಯವ್ವ ಮೊಸರು ತಂದರೆ ದೂರದಲ್ಲಿಡು ಅಂದೆ. ಆಕೆ ಹಾಗೇ ಇಟ್ಟು ಹೋದಳು.

೨೧ ಫೆಬ್ರುವರಿ

ಗುಳ್ಳೆ ಎದ್ದಿದೆ. ಮೊಣಕೈ ಮೇಲಿನದು ಕವಡೆಯಷ್ಟು ದೊಡ್ಡದು. ಉರಿ ಹೇಗಿದೆಯೆಂದರೆ ಗಾಳಿ ಬೀಸಿದರೂ ಕಣ್ಣಲ್ಲಿ ನೀರು ಬರುತ್ತದೆ. ಆದರೂ ಖುಷಿಯಾಗಿದೆ. ಏಳದೇ ಹೋಗುತ್ತದೇನೋ ಎಂದು ಹೆದರಿದ್ದೆ. ಚರ್ಮ ಔಷಧಿಗೆ ಓಗೊಟ್ಟಿದೆ ಎಂದು ಅಜ್ಜ ಹೇಳಿದ. ನಮ್ಮವರು ಶಿವರಾತ್ರಿ ಕಳೆದ ಮೇಲೆ ಬಂದರೆ ತೋರಿಸಬಹುದು.

೧೬ ಮಾರ್ಚ್

ಮೊಣಕೈಯ ಬಿಳುಪಿನ ನಡುವೆ ಕಪ್ಪು ಚುಕ್ಕೆಗಳು ಕಂಡಿವೆ. ಸಾಸಿವೆ ಚೆಲ್ಲಿದ ಹಾಗೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬಾಗಿಲಿನ ಬೆಳಕಿಗೆ ಕೈ ಹಿಡಿದು ಮತ್ತೆ ಮತ್ತೆ ನೋಡಿದೆ. ಸುಳ್ಳಲ್ಲ. ಮಾಯವ್ವನನ್ನೂ ಕರೆದು ತೋರಿಸಿದೆ. ಆಕೆ ನನ್ನ ಕೈ ಹಿಡಿದು ನೋಡಿದಳು. ಎರಡು ವರ್ಷದಿಂದ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ.

ನಮ್ಮವರು ಬರಲಿಲ್ಲ. ಲಗ್ನಸರಾಯಿ ಹತ್ತಿರ ಬಂತು, ಅಂಗಡಿಯಲ್ಲಿ ಪುರುಸೊತ್ತು ಇರಲಿಕ್ಕಿಲ್ಲ. ಬೆರಳು, ತುಟಿಯೂ ತಿರುಗಿದ ಮೇಲೆ ಬಂದರೇ ಒಳ್ಳೆಯದು. ಒಮ್ಮೆಗೇ ನೋಡಲಿ.

೨೦ ಏಪ್ರಿಲ್

ಅಣ್ಣ ಬಂದಿದ್ದ. ಚಂದ್ರವ್ವನ ಲಗ್ನ ಬೈಲಹೊಂಗಲದ ಕಡೆಯವರಿಗೆ ಗೊತ್ತಾಗಿದೆ. ನಾನು ಎಲ್ಲಿ ಎಂದು ಅವರು ಕೇಳಿದಾಗ ಅತ್ತೆ, ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ ಎಂದರಂತೆ. ಬಸುರಿಯೇ ಅಲ್ಲದವಳಿಗೆ ಬಾಣಂತನ. ನಗು ಬಂತು. ಅಣ್ಣ ನಗಲಿಲ್ಲ.

ನೀಲಾ ಹೇಗಿದ್ದಾಳೆಂದು ಕೇಳಿದೆ. ಮೊದಮೊದಲು ಸಂಜೆಗೊಮ್ಮೆ ಅಳುತ್ತಿದ್ದಳಂತೆ, ಈಗ ಅಳುವುದಿಲ್ಲ ಎಂದ. ನನಗೆ ಸಮಾಧಾನವಾಗಲೆಂದು ಹೇಳಿದ. ಆಗಲಿಲ್ಲ.

೧೮ ಮೇ

ಇವತ್ತು ಅಲ್ಲಿ ಚಂದ್ರವ್ವನ ಲಗ್ನದ ಅಕ್ಕಿಕಾಳು. ನಾನು ಬಂಡೆಯ ಮೇಲೆ ಬಿಸಿಲಿಗೆ ಕೂತಿದ್ದೆ.

೫ ಜೂನ್

ಬಲಗೈಯ ಗುಳ್ಳೆ ಕೀತು ಮೊಣಕೈ ತನಕ ಬಾವು ಏರಿತು. ಚಳಿಜ್ವರ. ಅಣ್ಣ ಬಂದು ಖಾನಾಪುರದ ದವಾಖಾನೆಗೆ ಕರೆದೊಯ್ದ. ಅಲ್ಲಿ ಕೀವು ತೆಗೆದು, ಸೂಜಿ ಚುಚ್ಚಿ, ವಾರದ ತನಕ ಮಲಗಿಸಿಕೊಂಡರು. ಡಾಕ್ಟರರು ವಯಸ್ಸಾದವರು, ಬೈಯುವ ಸ್ವಭಾವದವರಲ್ಲ. ಇದು ಕುಷ್ಠವಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ, ಜೀವಕ್ಕೆ ಅಪಾಯವಿಲ್ಲ ಎಂದು ಹೇಳಿದರು. ಹಾಗಾದರೆ ಹೋಗುತ್ತದೆಯೇ ಎಂದೆ. ಹೋಗುತ್ತದೆಂದು ಹೇಳಲಾರೆ ಎಂದರು.

ಅದೇ ಮಾತನ್ನು ನಮ್ಮ ಮನೆಗೆ ಬಂದು ಹೇಳುವಿರಾ, ಅಂಟುವುದಿಲ್ಲ ಎಂಬುದೊಂದನ್ನೇ, ಎಂದು ಕೇಳಬೇಕೆಂದಿದ್ದೆ. ಬಾಗಿಲಲ್ಲಿ ಜನ ಕಾಯುತ್ತಿದ್ದರು.

ಲಗ್ನ ಮುಗಿದು ಹದಿನೈದು ದಿನದ ಮೇಲಾಯಿತು. ನನ್ನನ್ನು ಕರೆಯಲು ಯಾರೂ ಬಂದಿಲ್ಲ. ಹೊಸ ಬೀಗರು ಹೋಗಿ ಬಂದು ಮಾಡುತ್ತಿದ್ದಾರೆ, ದೀಪಾವಳಿ ತನಕ ತಡೆಯಲಿ ಎಂದು ಅತ್ತೆ ಅಣ್ಣನ ಕೈಯಲ್ಲಿ ಹೇಳಿ ಕಳಿಸಿದ್ದಾರೆ. ಅಣ್ಣನ ಮನೆಯಲ್ಲಿ ಒಂದೇ ಕೋಣೆ, ಅತ್ತಿಗೆಗೆ ಚಿಕ್ಕ ಕೂಸು. ಅಲ್ಲಿರು ಎಂದು ಅವಳು ಅನ್ನಲಿಲ್ಲ, ನಾನು ಕೇಳಲಿಲ್ಲ. ಮತ್ತೆ ಗುಂಜಿಗೆ ಬಂದೆ.

೨೯ ಜುಲೈ

ಬಿಸಿಲಿಲ್ಲ. ಬಿಸಿಲಿಲ್ಲದೆ ಬೇರು ಕುಡಿದರೆ ಉಪಯೋಗವಿಲ್ಲ. ಕೂತಿದ್ದೇನೆ.

೩೦ ಆಗಸ್ಟ್

ಮೊಣಕೈ ಮೇಲೆ ಬಂದಿದ್ದ ಚುಕ್ಕೆಗಳು ಮಸುಕಾಗಿವೆ. ಹಣೆಯ ಮೇಲೆ ಹೊಸದು ಬಂದಿದೆ. ಕನ್ನಡಿ ಇಲ್ಲವಾದ್ದರಿಂದ ನನಗೆ ಗೊತ್ತಿರಲಿಲ್ಲ. ಪೂಜೆಗೆ ಕುಳಿತಾಗ ಮಾಯವ್ವ, ಇವತ್ತು ಹಣೆಗೆ ಇಬತ್ತಿ ಹಚ್ಚಿಲ್ಲವೇ ಎಂದು ಕೇಳಿದಳು. ಹಚ್ಚಿದ್ದೆ.

೧೨ ಅಕ್ಟೋಬರ್

ಬಿಸಿಲು ಬಂದಿದೆ. ಮತ್ತೆ ಬೇರು ಶುರು. ಮನೆಯ ಹಿಂದಿನ ಏರಿನ ಮೇಲೆ ಒಳ್ಳೆಯ ಕಾಡತ್ತಿ ಉಳಿದಿಲ್ಲ. ಬೇರು ಕಡಿದ ಪೊದೆಗಳು ಮಳೆಗಾಲದಲ್ಲೂ ಚಿಗುರಲಿಲ್ಲ. ಎಷ್ಟು ಜನ ಬರುತ್ತಾರೆ. ಲೋಂಡಾದಿಂದ ಒಬ್ಬಳು ಮುದುಕಿ, ನಂದಗಡದಿಂದ ಒಬ್ಬ ಸಾಲಿ ಮಾಸ್ತರ. ಎಲ್ಲರಿಗೂ ಬೇರೇ ಬೇಕು. ಈಗ ಹಳ್ಳದ ಆಚೆ ದಂಡೆಗೆ ಹೋಗಬೇಕಾಗಿದೆ. ಅಜ್ಜನಿಗೆ ಮಂಡಿ ನೋವು, ಹಾರೆ ನಾನೇ ಹೊತ್ತುಕೊಂಡು ಹೋಗುತ್ತೇನೆ. ಬಂಡೆಯ ಸಂದಿಗೆ ಹಾರೆ ಹಾಕುವುದು ಒಂದು ಲೆಕ್ಕ. ಕಲ್ಲಿನ ಜೊತೆ ಜಗಳವಾಡಬಾರದು, ಬೇರು ಹೋದ ದಾರಿಯಲ್ಲೇ ಹೋಗಬೇಕು. ಮಧ್ಯಾಹ್ನ ಬಂದು ಮಾಯವ್ವ ತಟ್ಟಿದ ನಾಚಣಿ ರೊಟ್ಟಿ ತಿಂದು ಮಲಗಿದರೆ ಸಂಜೆಯ ತನಕ ಎಚ್ಚರವಿರುವುದಿಲ್ಲ.

೧೬ ನವೆಂಬರ್

ಅವರು ಬಂದಿದ್ದರು.

ನಾನು ಅಂಗಳದಲ್ಲಿ ತೊಗಟೆ ಜಜ್ಜುತ್ತಿದ್ದೆ. ತಲೆ ಎತ್ತಿದರೆ ಬೇಲಿಯ ಹತ್ತಿರ ನಿಂತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕೊಡೆ. ಮೈ ತುಂಬಿಕೊಂಡಿದ್ದಾರೆ. ಮಾಯವ್ವ ಕಂಬಳಿ ಹಾಸಿದಳು, ಕೂಡಲಿಲ್ಲ. ನನ್ನ ಹಣೆ ನೋಡಿ ಬೇರೆ ಕಡೆ ನೋಡಿದರು. ಗಾಡಿ ತಡವಾಯಿತೆಂದರು. ಚಂದ್ರವ್ವ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ ಎಂದರು. ಆಮೇಲೆ ಕೊಡೆಯ ತುದಿಯಿಂದ ನೆಲ ಕೆದಕುತ್ತ ಹೇಳಿದರು:

"ಗಂಗಾ, ಅವ್ವ ಒಂದು ಮಾತು ತಗದಾಳ. ಹುಕ್ಕೇರಿ ಕಡೆ ಒಂದು ಹುಡುಗಿ ಐತಿ. ನೀ ಹೂಂ ಅಂದ್ರ."

"ನಾ ಹೂಂ ಅನ್ನದಿದ್ರ?"

"ಅವ್ವ ಮಾತು ಕೊಟ್ಟಬಿಟ್ಟಾಳ."

ಹಾಗಾದರೆ ನನ್ನನ್ನು ಕೇಳಲು ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ. ನೀಲಾಳನ್ನು ನನಗೆ ಕೊಡಿ ಎಂದೆ. ಅದಕ್ಕೆ ಅವರು, "ಇಲ್ಲಿ ತಂದು ಏನ ಮಾಡತೀ? ನಿನ್ನ ಕೂಡ ಇದ್ದಾಳಂದ್ರ ನಾಳೆ ಆಕೀನ್ನ ಯಾರು ಮಾಡಕೋತಾರ? ಆಕೀ ಸಲುವಾಗಿನೂ ವಿಚಾರ ಮಾಡು," ಎಂದರು. ಆಡಿದ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೂಂ ಅಂದೆ. ಅಂದದ್ದು ಯಾವುದಕ್ಕೆಂದು ಅವರು ಕೇಳಲಿಲ್ಲ.

ತಂಬಿಗೆಯಲ್ಲಿ ನೀರು ಕೊಟ್ಟಿದ್ದೆ. ಮಾತು ಮುಗಿಯುವ ತನಕ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಹೋಗುವಾಗ ಕಟ್ಟೆಯ ಮೇಲಿಟ್ಟರು. ತುಂಬಿದ್ದು ತುಂಬಿದ ಹಾಗೇ ಇತ್ತು.

೧೭ ನವೆಂಬರ್

ಬೇರು ಕುಡಿದು ಬಿಸಿಲಿಗೆ ಕೂತೆ. ಯಾಕೆ ಕೂತೆನೆಂದು ಗೊತ್ತಿಲ್ಲ.

೭ ಡಿಸೆಂಬರ್

ಅಜ್ಜನನ್ನು ಕೇಳಿಯೇಬಿಟ್ಟೆ. ತುಟಿಯ ಮೇಲಿನದು, ಬೆರಳ ತುದಿಯದು ಯಾರಿಗಾದರೂ ತಿರುಗಿದ್ದುಂಟೇ ಎಂದು. ಅವನು ಬಾಯೊಳಗಿನ ಎಲೆ ಅಡಿಕೆ ಉಗುಳಿದ.

"ತುಟೀದು ಬಂದದ್ದು ನಾ ಕಂಡಿಲ್ಲ, ತಂಗಿ."

"ಮತ್ತ ಯಾಕ ಇರಿಸಿಕೊಂಡ್ರಿ?"

"ನಿಮ್ಮಣ್ಣ ಕೈ ಮುಗದು ನಿಂತಿದ್ದ. ಎಲ್ಲಿಗರೆ ಹೋಗಬೇಕಲ್ಲ ನೀ."

ಸಿಟ್ಟು ಬರಬೇಕಿತ್ತು. ಆಕಳು ಕರು ಹಾಕುವ ಹೊತ್ತಾಗಿತ್ತು, ಇಬ್ಬರೂ ಎದ್ದು ಕೊಟ್ಟಿಗೆಗೆ ಹೋದೆವು. ಕರು ಅಡ್ಡ ಬಿದ್ದಿತ್ತು. ನನ್ನ ಕೈ ಸಣ್ಣದೆಂದು ಮಾಯವ್ವ ನನ್ನಿಂದಲೇ ಒಳಗೆ ತಿರುಗಿಸಿದಳು. ಹೆಣ್ಣುಗರು. ಬದುಕಿದೆ.

೧ ಫೆಬ್ರುವರಿ ೧೯೭೬

ಅಣ್ಣ ಬಂದು ಹೇಳಿದ. ಲಗ್ನ ಆಯಿತಂತೆ, ಮನೆಮಟ್ಟಿಗೆ, ಮಠದಲ್ಲಿ. ನೀಲಾಳ ಅಪ್ಪ ಹೊಸಬಳನ್ನು ಕರೆದುಕೊಂಡು ಜೋಡಿಯಾಗಿ ಅಂಗಡಿಯ ಪೂಜೆಗೆ ಕೂತಿದ್ದನ್ನು ಅಣ್ಣನಿಗೆ ಯಾರೋ ಹೇಳಿದ್ದಾರೆ. ಕೋರ್ಟಿಗೆ ಹೋಗೋಣ, ಕಾಯ್ದೆ ನಮ್ಮ ಕಡೆ ಇದೆ ಎಂದು ಅಣ್ಣ ಎಗರಾಡಿದ. ಕೋರ್ಟಿನವರು ನನ್ನನ್ನು ಆ ಮನೆಯೊಳಗೆ ಕಳಿಸಬಹುದು, ಅಲ್ಲಿ ನನ್ನ ಕೈಯಿಂದ ಯಾರು ಉಣ್ಣುತ್ತಾರೆ ಎಂದೆ. ಅವನು ಅತ್ತ. ನಾನೇ ಅವನಿಗೆ ಮಜ್ಜಿಗೆ ಕೊಟ್ಟು ಸಮಾಧಾನ ಮಾಡಿ ಗಾಡಿಗೆ ಕಳಿಸಿದೆ.

೨೨ ಫೆಬ್ರುವರಿ

ಹಳ್ಳದ ಮೇಲ್ಗಡೆ ದೊಡ್ಡ ಬಂಡೆ ಸೀಳಿದ ಜಾಗದಲ್ಲಿ ಒಂದು ಹಳೆಯ ಕಾಡತ್ತಿ ಇತ್ತು. ಬೊಡ್ಡೆ ತೊಡೆಗಾತ್ರ, ಬುಡದ ತುಂಬ ಕಾಯಿ. ಇಷ್ಟು ದೊಡ್ಡ ಪೊದೆಗೆ ಬೇರೂ ದೊಡ್ಡದಿರಬೇಕೆಂದು ನಾನೂ ನಂದಗಡದ ಮಾಸ್ತರರೂ ಸೇರಿ ಹಾರೆ ಹಾಕಿ ಕಲ್ಲಿನ ಸೀಳನ್ನು ಅಗಲ ಮಾಡಿದೆವು. ಬಹಳ ಹೊತ್ತು ಹಿಡಿಯಿತು. ಕಡೆಗೆ ಪೊದೆ ಪೂರಾ ಕಿತ್ತು ನಮ್ಮ ಮೇಲೇ ಬಿತ್ತು. ನೋಡಿದರೆ ಕಲ್ಲಿನೊಳಗೆ ಬೇರೆಲ್ಲ ಚಪ್ಪಟೆಯಾಗಿ, ಕಾಗದದ ಹಾಗೆ ಅಂಟಿಕೊಂಡಿತ್ತು. ಕೈಗೆ ಬಂದದ್ದು ಒಂದು ಹಿಡಿ ತೊಗಟೆ. ಅಷ್ಟಕ್ಕೆ ಅಷ್ಟು ವರ್ಷದ ಗಿಡ ಹೋಯಿತು. ಮಾಸ್ತರರು ಬಂಡೆಯ ಮೇಲೆ ಕುಳಿತು, ಇನ್ನು ನಾನು ಬರುವುದಿಲ್ಲ, ಸಾಕು ಎಂದರು. ಅವರಿಗೆ ಸಾಕೆನ್ನಲು ಹೋಗುವುದಕ್ಕೊಂದು ಮನೆ ಇದೆ. ನಾನು ಕುಡಿಯುವುದನ್ನು ಬಿಟ್ಟರೆ ಇಲ್ಲಿರುವುದಕ್ಕೆ ಕಾರಣವೇ ಇರುವುದಿಲ್ಲ.

೧೪ ಮಾರ್ಚ್

ಖಾನಾಪುರದ ಸಂತೆಗೆ ಹೋಗಿ ಬೆಣ್ಣೆ ಮಾರಿ ಬಂದೆ. ಬಳೆಗಾರ್ತಿಯೊಬ್ಬಳು ಕರೆದು ಕೂಡ್ರಿಸಿ ಹಸಿರು ಬಳೆ ಇಟ್ಟಳು. ಒಂದು ಒಡೆದದ್ದಕ್ಕೆ ಅವಳೇ ನೊಂದುಕೊಂಡಳು. ಕರುವಿಗೆ ಒಂದು ಕೊರಳಗಂಟೆ ತಂದಿದ್ದೇನೆ. ಅಜ್ಜನಿಗೆ ಮಂಡಿಗೆ ಹಚ್ಚಲು ಎಣ್ಣೆ.

೨೮ ಮಾರ್ಚ್

ನೀಲಾ ಬಂದಳು.

ಅಣ್ಣನ ಬೆರಳು ಹಿಡಿದುಕೊಂಡು ಹಳಿ ದಾಟಿ ಬರುತ್ತಿದ್ದವಳನ್ನು ನಾನು ದೂರದಿಂದಲೇ ಗುರುತಿಸಿದೆ. ಅವಳು ನನ್ನನ್ನು ಗುರುತಿಸಲಿಲ್ಲ. ಅಣ್ಣನ ಹಿಂದೆ ಸರಿದು ನಿಂತಳು. ಎತ್ತರವಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ನನ್ನ ಮುಖ ನೋಡದೆ ಕೈಗಳನ್ನೇ ನೋಡಿದಳು.

ಅವಳ ಬಲಮಂಡಿಯ ಮೇಲೆ ಬಿಳಿ ಚುಕ್ಕೆ. ಎಡಗಣ್ಣಿನ ರೆಪ್ಪೆಯ ಹತ್ತಿರ ಇನ್ನೊಂದು. ಚಂದ್ರವ್ವ ಬಸುರಿ, ಚೊಚ್ಚಲ ಹೆರಿಗೆಗೆ ತವರಿಗೆ, ಬೆಳಗಾವಿಯ ಖಾಸಬಾಗಕ್ಕೆ ಬಂದಿದ್ದಾಳೆ. ಅವಳ ಅತ್ತೆ ಮನೆಯವರು ಬಂದು ಹೋಗಿ ಮಾಡುತ್ತಾರೆ. ಅವರ ಕಣ್ಣಿಗೆ ಹುಡುಗಿ ಬಿದ್ದರೆ ಎಂದು ಅತ್ತೆ ಅಣ್ಣನನ್ನು ಕರೆಸಿ, ಒಂದು ಗಂಟು ಬಟ್ಟೆಯ ಜೊತೆ ಒಪ್ಪಿಸಿದ್ದಾರೆ. ಅಪ್ಪ ಅಂಗಡಿಯಲ್ಲಿದ್ದನಂತೆ.

ಅಣ್ಣ ಇದನ್ನೆಲ್ಲ ಹೇಳುತ್ತಿದ್ದಾಗ ನನ್ನ ಕಿವಿಗೆ ಅರ್ಧ ಬಿತ್ತು, ಅರ್ಧ ಬೀಳಲಿಲ್ಲ. ಮಗಳು ಬಂದಳು ಎಂಬುದೊಂದೇ ಇತ್ತು. ಮಂಡಿಯ ಮೇಲಿನ ಚುಕ್ಕೆಯನ್ನು ಕಂಡಾಗ ನನಗೆ ಮೊದಲು ಆದದ್ದು ದುಃಖವಲ್ಲ. ಇನ್ನು ಇವಳನ್ನು ಯಾರೂ ವಾಪಸು ಕೇಳುವುದಿಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಬಾರದಿತ್ತು.

೩೧ ಮಾರ್ಚ್

ನೀಲಾ ನನ್ನ ಪಕ್ಕ ಮಲಗುತ್ತಿಲ್ಲ. ಮಾಯವ್ವನ ಕಂಬಳಿಯೊಳಗೆ ಮಲಗುತ್ತಾಳೆ. ಬೆಳಗಾವಿಯ ಅಜ್ಜಿಯನ್ನು ಆಯಿ ಅನ್ನುತ್ತಾಳೆ, ನನ್ನನ್ನು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಾಳೆ. ಕರು ಮಾತ್ರ ಅವಳಿಗೆ ಹೊಂದಿಕೊಂಡಿದೆ.

೪ ಏಪ್ರಿಲ್

ಬೇರು ಕೊಡಬೇಕೋ ಬೇಡವೋ ಎಂದು ನಾಲ್ಕಾರು ದಿನದಿಂದ ತೂಗುತ್ತಿದ್ದೆ. ಚಿಕ್ಕ ಚುಕ್ಕೆ, ಚಿಕ್ಕ ವಯಸ್ಸು, ಮಂಡಿಯ ಮೇಲಿನದು ಬಂದರೂ ಬರಬಹುದು ಎಂದು ಮಾಯವ್ವ ಹೇಳುತ್ತಾಳೆ. ಅಜ್ಜ ಏನೂ ಹೇಳುವುದಿಲ್ಲ. ನನಗೆ ಬಂದ ಸಾಸಿವೆಯಷ್ಟು ಬಣ್ಣ, ಆಮೇಲೆ ಹೋದದ್ದು, ಕೀತ ಕೈ, ದವಾಖಾನೆಯ ಸೂಜಿ, ಎಲ್ಲ ನೆನಪಿದೆ. ಹಾಗಿದ್ದೂ ಬೆಳಿಗ್ಗೆ ಎದ್ದು, ಬಂಡೆಯಿಂದ ತಂದು ಒಣಗಿಸಿದ್ದ ತೊಗಟೆಯಲ್ಲಿ ಸ್ವಲ್ಪ ತೆಗೆದು ಕುದಿಸಿದೆ. ಏನೂ ಮಾಡದೆ ಇರಲು ಆಗಲಿಲ್ಲ. ಬೆಲ್ಲ ಹೆಚ್ಚು ಹಾಕಿದೆ. ಕುಡಿದಳು. ಮುಖ ಸೊಟ್ಟ ಮಾಡಲಿಲ್ಲ.

೮ ಏಪ್ರಿಲ್

ಇವತ್ತು ಗುಳ್ಳೆ ಎದ್ದಿತು. ನನ್ನ ಉರಿ ನನಗೆ ಗೊತ್ತಿತ್ತು, ಅವಳದು ನೋಡಲಾಗಲಿಲ್ಲ. ಆರು ವರ್ಷದ ಮಗು ಬಂಡೆಯ ಮೇಲೆ ಕಾಲು ಚಾಚಿ, ಎರಡೂ ಕೈಯಿಂದ ಲಂಗ ಹಿಡಿದುಕೊಂಡು ಕೂತಿದೆ. ಬೆವರು ಇಳಿಯುತ್ತಿದೆ, ಅಳು ಇಲ್ಲ. ಸಾಕು, ನೆರಳಿಗೆ ಬಾ ಎಂದೆ. ಬರಲಿಲ್ಲ. ಉರಿಯುತ್ತಿಲ್ಲವೇ ಎಂದೆ. ಉರಿಯುತ್ತದೆ ಎಂದು ತಲೆ ಆಡಿಸಿದಳು. ಮತ್ತೆ ಯಾಕೆ ಕೂತಿದ್ದೀ ಎಂದು ಕೇಳಿದೆ.

ಬಂದ ಮೇಲೆ ನನ್ನ ಜೊತೆ ಅವಳಾಡಿದ ಮೊದಲ ಇಡೀ ಮಾತು ಇದು:

"ಇದು ಹ್ವಾದ್ರ ಮನಿಗೆ ಬಾ ಅಂದಾಳ ಆಯಿ."

ಆಮೇಲೆ ನನಗೆ ಕೆಟ್ಟದೆನಿಸೀತೆಂದು ತಿಳಿದಳೋ ಏನೋ, "ನಿಂದು ಹ್ವಾದ್ರ ನೀನೂ ಬಾ," ಎಂದಳು.

೯ ಏಪ್ರಿಲ್

ಉಳಿದ ತೊಗಟೆಯನ್ನು ತಿಪ್ಪೆಗೆ ಹಾಕಿ ಮೇಲೆ ಸಗಣಿ ಬಳಿದೆ. ಮಾಯವ್ವ ನೋಡಿದಳು. ಬೇರು ಮುಗಿಯಿತು, ಕಾಡಿನಲ್ಲೂ ಇಲ್ಲ ಎಂದು ನೀಲಾಗೆ ಹೇಳಿದೆ. ಪೂರಾ ಸುಳ್ಳೇನಲ್ಲ. ಆಗ ಅತ್ತಳು. ಗುಳ್ಳೆ ಎದ್ದಾಗ ಅಳದವಳು, ತನ್ನನ್ನು ಇಲ್ಲಿ ಬಿಟ್ಟು ಅಣ್ಣ ಹೋದಾಗ ಅಳದವಳು, ನೆಲಕ್ಕೆ ಬಿದ್ದು ಅತ್ತಳು. ಎತ್ತಿಕೊಳ್ಳಲು ಹೋದೆ, ಒದ್ದಳು. ಅಜ್ಜ ಕರುವಿನ ಹಗ್ಗವನ್ನು ಅವಳ ಕೈಗೆ ಕೊಟ್ಟು ಕೂಡ್ರಿಸಿದ ಮೇಲೆ ಬಿಕ್ಕುತ್ತ ಕುಳಿತಳು.

ಆ ಮನೆಯ ಬಾಗಿಲು ಇನ್ನು ತೆರೆಯುವುದಿಲ್ಲ ಎಂದು ಇವಳಿಗೆ ಯಾರು ಹೇಳಬೇಕು. ಹೇಳಬೇಕಾದವಳು ನಾನೇ. ನಾಳೆ ಹೇಳುತ್ತೇನೆ.

೧೧ ಏಪ್ರಿಲ್

ಹೇಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆದರೆ ನೀಲಾ ಇಲ್ಲ. ಕೊಟ್ಟಿಗೆಯಲ್ಲಿಲ್ಲ, ಹಳ್ಳದಲ್ಲಿಲ್ಲ. ಮಾಯವ್ವ ಹಳಿಯ ಕಡೆ ಓಡಿದಳು. ನಾನು ಬಂಡೆ ಹತ್ತಿದೆ. ಏರಿನ ಆಚೆ ಬದಿಯಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಮಾಯವ್ವನ ಕುಡುಗೋಲಿನಿಂದ ಕಲ್ಲಿನ ಸಂದು ಕೆದಕುತ್ತಿದ್ದಳು. ಸುತ್ತ ಏನೇನೋ ಬೇರುಗಳು, ಹುಲ್ಲಿನವು, ಮುಳ್ಳುಕಂಟಿಯವು, ಸಾಲಾಗಿ ಇಟ್ಟುಕೊಂಡಿದ್ದಾಳೆ. ಉಗುರಿನ ಸಂದಿಯಲ್ಲಿ ರಕ್ತ. ಮಂಡಿಯ ಗುಳ್ಳೆ ಒಡೆದು ಮಣ್ಣು ಮೆತ್ತಿದೆ.

ನನ್ನನ್ನು ಕಂಡು ಎದ್ದು ಬಂದಳು. ಬಂದು ಒಂದೊಂದೇ ತೋರಿಸಿದಳು. ಇದೇ ಏನು ಎಂದಳು, ಅಲ್ಲ ಎಂದೆ. ಇದೇ ಏನು ಎಂದಳು, ಅಲ್ಲ ಎಂದೆ. ಕೊನೆಗೆ ಬೆನ್ನಿನ ಹಿಂದೆ ಬಚ್ಚಿಟ್ಟುಕೊಂಡಿದ್ದನ್ನು ಮುಂದೆ ತಂದಳು. ಗೇಣುದ್ದದ ಸಸಿ, ಬೇರು ಸಮೇತ. ಎರಡೇ ಎಲೆ, ಒರಟು. ಕಿತ್ತ ಕಡೆ ಹಾಲು ಒಸರುತ್ತಿತ್ತು. ಈ ಏರಿನ ಮೇಲೆ ನಾನು ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಬೀಳದ್ದು ಅವಳಿಗೆ ಸಿಕ್ಕಿದೆ.

"ಅವ್ವಾ, ಇದ ಹೌದಲ್ಲ?" ಎಂದಳು.

ಒಂದು ವರ್ಷದ ಮೇಲೆ ಅವ್ವಾ ಎಂದು ಕರೆದಳು.

ನಾನು ಸಸಿಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿದ ಹಾಗೆ ಮಾಡಿ, ಇದಲ್ಲ ಎಂದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಕುಡುಗೋಲು ಎತ್ತಿಕೊಂಡು ಮತ್ತೆ ಆ ಕಲ್ಲಿನ ಸಂದಿಗೇ ಹೋಗಿ ಕುಳಿತಳು.